ಅಂಪೈರ್ ಮಾವನ ಸೀಟು

ಎರಡು ಶೋರೂಮುಗಳೂ ಅಗಲವಾದ ರಸ್ತೆಯ ಆಚೆ ಈಚೆ, ಮಾತು ಬಿಟ್ಟ ನೆರೆಮನೆಯವರ ಹಾಗೆ ಎದುರುಬದುರಾಗಿ ನಿಂತಿದ್ದವು. ಈಚೆಯ ಗಾಜಿನೊಳಗೆ ಬೂದು ಬಣ್ಣದ ಕಾರು, ಆಚೆಯ ಗಾಜಿನೊಳಗೆ ಕಡುನೀಲಿ ಕಾರು. ಎರಡೂ ಉದ್ದನೆಯವು, ಎರಡೂ ಮೈಗೆ ಎಣ್ಣೆ ಹಚ್ಚಿಕೊಂಡು ಕೂತ ಪೈಲ್ವಾನರ ಹಾಗೆ ಮಿರಮಿರ ಮಿಂಚುತ್ತಿದ್ದವು. ಲಿಫ್ಟಪ್ಪ ತನ್ನ ಹಳೆಯ ಪುಟ್ಟ ಕಾರನ್ನು ಎಲ್ಲಿ ನಿಲ್ಲಿಸಿದರೆ ಮರ್ಯಾದೆ ಉಳಿದೀತು ಎಂದು ನೋಡುತ್ತ ಸುಮ್ಮನೆ ಒಂದು ಸುತ್ತು ಹೆಚ್ಚಿಗೆ ಹಾಕಿದ.

"ಅಲ್ಲೇ ಮೂಲೇಲಿ ನಿಲ್ಸಿ. ನಮ್ಮ ಕಾರು ನೋಡಿ ಅವರೇನು ಬಾಗಿಲು ಹಾಕ್ಕೊಳ್ಳಲ್ಲ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಲಿಫ್ಟಪ್ಪ ಎನ್ನುವುದು ಮಗಳು ಇಟ್ಟ ಹೆಸರು. ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಒಂದು ಕಾಲಕ್ಕೆ ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಒಬ್ಬನೇ ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಿದ್ದವನು. ಈಗ ಅವನ ಕೈಕೆಳಗೆ ಹತ್ತಾರು ಜನ ದುಡಿಯುತ್ತಿದ್ದರು, ಊರಿನ ದೊಡ್ಡ ಆಸ್ಪತ್ರೆಗಳ ಲಿಫ್ಟುಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಹೆಂಡತಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದಳು, ಅದೂ ಚೆನ್ನಾಗಿಯೇ ನಡೆಯುತ್ತಿತ್ತು. "ಇಷ್ಟು ದಿನ ಗೇದಿದ್ದು ಸಾಕು, ಒಂದು ಒಳ್ಳೇ ಕಾರು ತಗೊಳ್ಳೋಣ," ಎಂದು ಮೊದಲು ಬಾಯಿ ಬಿಟ್ಟವಳು ಅವಳೇ. ಲಿಫ್ಟಪ್ಪ ಹೂಂ ಅಂದದ್ದಕ್ಕೆ ಕಾರಣ ಮಾತ್ರ ಬೇರೆಯಿತ್ತು. ಆ ಕಾರಣ ಈಗ ಹಿಂದಿನ ಸೀಟಿನಿಂದ ಕೆಳಗಿಳಿಯಲು ಒದ್ದಾಡುತ್ತಿತ್ತು.

ಹಿಂದಿನ ಸೀಟಿನಲ್ಲಿದ್ದವರು ಅಂಪೈರ್ ಮಾವ. ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆದರೆ ಅವರ ನಿಜವಾದ ಬದುಕು ಇದ್ದದ್ದು ರಜೆಯ ದಿನಗಳಲ್ಲಿ, ಬಿಳಿ ಕೋಟು ತೊಟ್ಟು ಕ್ಲಬ್ಬುಗಳ ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿ ಬಿಸಿಲಲ್ಲಿ ನಿಲ್ಲುವುದರಲ್ಲಿ. ಒಳ್ಳೆಯ ಎತ್ತರದ ಆಳು. ಹಾಗೆ ನಿಂತು ನಿಂತೇ ಮಂಡಿ ಸವೆದು ಹೋಗಿ ಕಳೆದ ವರ್ಷ ಆಪರೇಷನ್ ಆಗಿತ್ತು. ಅಂದಿನಿಂದ ಪುಟ್ಟ ಕಾರಿನಿಂದ ಅವರು ಇಳಿಯುವುದೆಂದರೆ ಮೊದಲು ಒಂದು ಕಾಲು, ಆಮೇಲೆ ಕೋಲು, ಆಮೇಲೆ ಒಂದು ಬೈಗುಳ, ಕೊನೆಗೆ ಉಳಿದ ಮೈ.

"ನೋಡಯ್ಯ, ನನಗೋಸ್ಕರ ಕಾರು ತಗೊಳ್ತಿದೀಯ ಅಂತ ಗೊತ್ತಾದ್ರೆ ಇಲ್ಲೇ ಬಸ್ಸು ಹತ್ತಿ ಮನೆಗೆ ಹೋಗ್ತೀನಿ," ಎಂದರು ಅಂಪೈರ್ ಮಾವ, ಪ್ಯಾಂಟಿನ ನೆರಿಗೆ ಸರಿಮಾಡಿಕೊಳ್ಳುತ್ತ.

"ನಿಮಗ್ಯಾರು ತಗೊಳ್ತಾರೆ ಮಾವ? ನಾನು ಶೋಕಿ ಮಾಡೋಕೆ ತಗೊಳ್ತಿರೋದು."

"ಹಾಗಾದ್ರೆ ಸರಿ. ನಡಿ."

ಬೂದು ಕಾರಿನ ಶೋರೂಮಿನಲ್ಲಿ ನೆಲವೆಲ್ಲ ಕನ್ನಡಿಯಂತಿತ್ತು. ಸೇಲ್ಸ್ ನೋಡಿಕೊಳ್ಳುವ ಹೆಂಗಸು ನಗುನಗುತ್ತ ಬಂದು ಮೂವರಿಗೂ ಕುರ್ಚಿ ಎಳೆದುಕೊಟ್ಟಳು. ನಡುವಯಸ್ಸಿನವಳು, ಮಾತಿನಲ್ಲಿ ಸಕ್ಕರೆ.

"ಬನ್ನಿ ಸಾರ್, ಬನ್ನಿ ಮೇಡಮ್. ಇವರು ನಿಮ್ಮ ತಂದೆಯವರಾ ಸಾರ್?"

ಲಿಫ್ಟಪ್ಪ ಬಾಯಿ ತೆಗೆಯುವ ಮೊದಲೇ ಅಂಪೈರ್ ಮಾವ ಉತ್ತರ ಕೊಟ್ಟರು. "ಅಲ್ಲಮ್ಮ. ಇವನು ನನ್ನ ಸೊಸೆ ಗಂಡ."

ಅವಳು ಒಂದು ಕ್ಷಣ ಲೆಕ್ಕ ಹಾಕಿದಳು. "ಅಂದ್ರೆ... ಮಗ ಅಲ್ವಾ ಸಾರ್?"

"ಮಗ ಅಲ್ಲ. ಸೊಸೆ ಗಂಡ."

"ಓಹೋ, ಅಳಿಯಂದಿರು ಅಂತೀರಾ?"

"ಅಳಿಯ ಅಂದ್ರೆ ಮಗಳ ಗಂಡ. ನನಗೆ ಮಗಳಿಲ್ಲ. ಇವಳು ನನ್ನ ಸೊಸೆ, ಇವನು ಅವಳ ಗಂಡ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?"

ಅವಳು ಮರ್ಯಾದೆಗೆ "ಅರ್ಥ ಆಯ್ತು ಸಾರ್" ಎಂದು ಕಾಫಿ ತರಲು ಹೋದಳು. ಲಿಫ್ಟಪ್ಪನ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಲಿಫ್ಟಪ್ಪನೂ ನಕ್ಕ. ಮದುವೆ ಮನೆ, ಬ್ಯಾಂಕು, ಆಸ್ಪತ್ರೆ, ಯಾರು ಕೇಳಿದರೂ ಮಾವ ಕೊಡುತ್ತಿದ್ದದ್ದು ಇದೇ ಉತ್ತರ. ಕೇಳಿದವರು ತಲೆ ಕೆರೆದುಕೊಳ್ಳುವುದೂ ಪ್ರತಿ ಸಲದ್ದು.

ವಿಷಯ ಇಷ್ಟೇ. ಅಂಪೈರ್ ಮಾವನಿಗೆ ಇದ್ದವನು ಒಬ್ಬನೇ ಮಗ. ಹೃದಯದ ಕಾಯಿಲೆ ಬಂದು, ಮಗಳು ಇನ್ನೂ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡ. ಮಾವನ ಹೆಂಡತಿ ಅದಕ್ಕೂ ಮೊದಲೇ ಹೋಗಿದ್ದರು. ಮನೆಯಲ್ಲಿ ಉಳಿದವರು ಮಾವ, ಸೊಸೆ, ಕೂಸು. "ಸೊಸೆಯನ್ನು ಅವಳ ತವರಿಗೆ ಕಳಿಸಿಬಿಡಿ" ಎಂದು ಬಂಧುಗಳು ಬುದ್ಧಿ ಹೇಳಲು ಬಂದಾಗ ಅಂಪೈರ್ ಮಾವ, "ಅವಳ ಮನೆ ಇದು. ನಿಮ್ಮ ಮನೆಗೆ ನೀವು ಹೊರಡಿ," ಎಂದು ಚಪ್ಪಲಿ ತೋರಿಸಿದ್ದರಂತೆ. ಹೊಡೆಯಲಿಕ್ಕಲ್ಲ, ಹಾಕಿಕೊಂಡು ಹೊರಡಲಿ ಎಂದು. ಸೊಸೆ ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸಿದ್ದು ಅವರ ಒತ್ತಾಯಕ್ಕೆ. ಅವಳು ಕಾಲೇಜಿಗೆ ಹೋದಾಗ ಮಗುವಿಗೆ ತಲೆ ಬಾಚಿ, ಬಾಯಿಗೆ ತುತ್ತಿಟ್ಟು, ಶಾಲೆಗೆ ಬಿಟ್ಟು ಬಂದವರು ಅವರು.

ಮೊಮ್ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಕಣ್ಣಿನ ಡಾಕ್ಟರ ಬಳಿ ತೋರಿಸಲು ಕರೆದುಕೊಂಡು ಹೋದರು. ಆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ದೀಪ ಆರಿತು, ಮಗು ಕಿರುಚತೊಡಗಿತು. ರಿಪೇರಿಗೆ ಓಡಿ ಬಂದವನು ಲಿಫ್ಟಪ್ಪ. ಬ್ರೇಕು ಕಚ್ಚಿಕೊಂಡಿತ್ತು, ಸಾಮಾನು ತರಿಸಬೇಕಿತ್ತು, ಹೊತ್ತು ಹಿಡಿಯುವ ಕೆಲಸ. ಅವನು ಸಾಮಾನಿಗೆ ಹೇಳಿ ಕಳಿಸಿ, ಬಾಗಿಲನ್ನು ನಾಲ್ಕು ಬೆರಳಿನಷ್ಟು ಸರಿಸಿ, ಮಹಡಿಯ ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಆ ಸಂದಿನಿಂದ ಮಗುವಿನ ಜೊತೆ ಮಾತಿಗಿಳಿದ.

"ಪುಟ್ಟಿ, ಅಳಬೇಡ. ಈ ಲಿಫ್ಟಿಗೆ ನಿದ್ದೆ ಬಂದುಬಿಟ್ಟಿದೆ. ನಾನು ಎಬ್ಬಿಸ್ತಾ ಇದೀನಿ."

"ನೀನು ಅದರ ಅಪ್ಪನಾ?" ಎಂದಿತು ಬಿಕ್ಕುತ್ತಿದ್ದ ಮಗು.

"ಹೌದು ಕಣಮ್ಮ. ನಾನೇ ಅದರ ಅಪ್ಪ. ತುಂಬಾ ಸೋಮಾರಿ ಮಗ ಇವನು."

ಅಂದಿನಿಂದ ಅವನು ಲಿಫ್ಟಪ್ಪ. ಲಿಫ್ಟು ಎಚ್ಚರವಾಗುವ ಹೊತ್ತಿಗೆ ಮಗು ನಗುತ್ತಿತ್ತು. ಅಂಪೈರ್ ಮಾವ ಹೊರಗೆ ಬಂದವರು ಥ್ಯಾಂಕ್ಸ್ ಹೇಳಲಿಲ್ಲ. ಅವನ ಶರ್ಟಿಗೆ ಮೆತ್ತಿದ ಧೂಳನ್ನೂ ಮುಖವನ್ನೂ ಒಮ್ಮೆ ದಿಟ್ಟಿಸಿ ನೋಡಿದರು, ಅಷ್ಟೆ. ಒಂದು ವಾರ ಕಳೆದ ಮೇಲೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಅವನ ವರ್ಕ್‌ಶಾಪ್ ಹುಡುಕಿ ಬಂದರು. ಮತ್ತೆ ಬಂದರು. ಮತ್ತೂ ಬಂದರು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇರುವುದು, ತಟ್ಟೆ ಲೋಟ ತೊಳೆದು ಬೋರಲು ಹಾಕಿರುವುದು, ಕೆಲಸದವರ ಮೇಲೆ ಅವನು ಕೂಗಾಡದಿರುವುದು, ಎಲ್ಲವನ್ನೂ ಕ್ರೀಸಿನ ಗೆರೆ ನೋಡುವ ಕಣ್ಣಿನಿಂದಲೇ ನೋಡಿದರು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಕಾಫಿ ಬಗ್ಗಿಸುತ್ತ ಅಂದರು: "ನನ್ನ ಸೊಸೆಗೆ ಗಂಡು ನೋಡ್ತಿದೀನಿ. ನೀನು ಹೂಂ ಅಂದ್ರೆ ಅವಳನ್ನ ಕೇಳ್ತೀನಿ. ಅವಳು ಬೇಡ ಅಂದ್ರೆ ನಾವಿಬ್ರೂ ಹೀಗೇ ಕಾಫಿ ಕುಡ್ಕೊಂಡಿರೋಣ."

ಲಿಫ್ಟಪ್ಪ ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಅವರಿವರ ಮನೆಯಲ್ಲಿ, ಎಲ್ಲರ ಊಟವಾದ ಮೇಲೆ ಉಂಡು ಬೆಳೆದವನು. ತನ್ನನ್ನು ಒಬ್ಬರು ಹುಡುಕಿಕೊಂಡು ಬರುತ್ತಾರೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮದುವೆಯ ದಿನ ಹೆಣ್ಣಿನ ಕಡೆ ನಿಂತಿದ್ದ ಅಂಪೈರ್ ಮಾವ, ಗಂಡಿನ ಕಡೆ ಮೂರು ಮತ್ತೊಂದು ಜನ ಕೆಲಸದವರನ್ನು ಬಿಟ್ಟು ಯಾರೂ ಇಲ್ಲದ್ದನ್ನು ಕಂಡು, "ಇಲ್ಲಿ ಜನ ಕಮ್ಮಿ ಇದ್ದಾರೆ," ಎನ್ನುತ್ತ ಈಚೆ ಬಂದು ಅವನ ಪಕ್ಕ ನಿಂತುಬಿಟ್ಟರು. ಆಮೇಲೆ, ಹೊಸ ಸಂಸಾರಕ್ಕೆ ತಾನೇಕೆ ಅಡ್ಡ ಎಂದು ಬೇರೆ ಕೋಣೆ ನೋಡಿಕೊಳ್ಳಲು ಹೊರಟಾಗ ಲಿಫ್ಟಪ್ಪ ಮೊದಲ ಸಲ ಅವರಿಗೆ ಎದುರಾಡಿದ್ದ: "ನೀವಿಲ್ಲದ ಮನೆಗೆ ನಾನೂ ಬರಲ್ಲ."

ಇಪ್ಪತ್ತು ವರ್ಷದಿಂದ ಒಂದೇ ಸೂರಿನಡಿ ಇದ್ದರು. ಆದರೂ ಮನಸ್ಸಿನಲ್ಲಿ ತುಂಬಿಕೊಂಡಿದ್ದದ್ದನ್ನು ಲಿಫ್ಟಪ್ಪ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲು ಹೊರಟರೆ ಮಾವ ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಬೂದು ಕಾರಿನ ಸವಾರಿ ಶುರುವಾಯಿತು. ಲಿಫ್ಟಪ್ಪ ಸ್ಟೇರಿಂಗ್ ಹಿಡಿದ, ಸೇಲ್ಸಿನ ಹೆಂಗಸು ಪಕ್ಕದಲ್ಲಿ ಕೂತಳು, ಮಾವ ಮತ್ತು ಸೊಸೆ ಹಿಂದೆ. ಲಿಫ್ಟಿನ ಕಸುಬಿನವನಿಗೆ ಒಂದೇ ಅಳತೆಗೋಲು: ಹೊರಟದ್ದು ಗೊತ್ತಾಗಬಾರದು, ನಿಂತದ್ದು ಗೊತ್ತಾಗಬಾರದು. ಆ ಪರೀಕ್ಷೆಯಲ್ಲಿ ಬೂದು ಕಾರು ನೂರಕ್ಕೆ ನೂರು. ಉಬ್ಬು ಬಂದರೆ ತೊಟ್ಟಿಲ ಹಾಗೆ ಒಮ್ಮೆ ಏರಿ ಇಳಿಯಿತು. ಕಿಟಕಿ ಮುಚ್ಚಿದರೆ ರಸ್ತೆಯ ಗಲಾಟೆಯೆಲ್ಲ ಪಕ್ಕದ ಊರಿಗೆ ಹೋಯಿತು. ಆದರೆ ವೇಗ ಹಿಡಿಯೋಣವೆಂದು ಕಾಲೊತ್ತಿದರೆ ಅದು, ಊಟ ಮಾಡಿ ಕೂತ ದೊಡ್ಡ ಮನುಷ್ಯನನ್ನು ಎಬ್ಬಿಸಿದ ಹಾಗೆ, ಸ್ವಲ್ಪ ಯೋಚಿಸಿ, ಆಮೇಲೆ ಓಡಿತು.

"ಹಿಂದಿನ ಸೀಟಿಗೆ ಮಸಾಜ್ ಕೂಡ ಇದೆ ಸಾರ್," ಎಂದಳು ಅವಳು ಯಾವುದೋ ಗುಂಡಿ ಒತ್ತಿ.

"ಏಯ್, ಬೆನ್ನಲ್ಲಿ ಏನೋ ಓಡಾಡ್ತಿದೆ!" ಅಂಪೈರ್ ಮಾವ ಬೆಚ್ಚಿಬಿದ್ದರು.

"ಅದೇ ಮಸಾಜ್, ಮಾವ. ಸುಮ್ನೆ ಒರಗಿಕೊಳ್ಳಿ," ಎಂದಳು ಸೊಸೆ.

"ನೀನು ಕ್ಲಿನಿಕ್ಕಿನಲ್ಲಿ ಮಾಡೋ ಕೆಲಸ ಇದೇ ಮಾಡಿಬಿಟ್ರೆ ನಿನ್ನ ಗತಿ ಏನಮ್ಮ?"

ಶೋರೂಮಿಗೆ ವಾಪಸು ಬಂದಾಗ ಲಿಫ್ಟಪ್ಪ ಡಿಕ್ಕಿ ತೆಗೆಸಿ ನೋಡಿದ. ಸ್ಟೆಪ್ನಿ ಇರಲಿಲ್ಲ. ಪಂಕ್ಚರ್ ಆದರೆ ಎಂದು ಕೇಳಿದ್ದಕ್ಕೆ ಫೋನ್ ಮಾಡಿದರೆ ತಮ್ಮವರು ಬರುತ್ತಾರೆಂದು ಅವಳು ಸಕ್ಕರೆ ಸುರಿದಳು. "ನೀವೇನಂತೀರಿ ಮಾವ?" ಎಂದ ಲಿಫ್ಟಪ್ಪ.

"ಇನ್ನೊಂದು ಟೀಮು ಇನ್ನೂ ಬ್ಯಾಟಿಂಗೇ ಮಾಡಿಲ್ಲ. ಆಗಲೇ ತೀರ್ಪು ಕೇಳ್ತೀಯಲ್ಲ."

ರಸ್ತೆ ದಾಟಿ ನೀಲಿ ಕಾರಿನ ಬಳಿ ಹೋದರು. ಅಲ್ಲಿದ್ದವನು ಟೈ ಕಟ್ಟಿದ ದಪ್ಪ ಮನುಷ್ಯ. ಅವನಿಗೆ ಕಾರಿನಲ್ಲಿ ಎಲ್ಲಕ್ಕಿಂತ ಪ್ರೀತಿ ಅದರ ಸ್ಪೀಕರುಗಳ ಮೇಲೆ. ಎಂಜಿನ್ ಬಗ್ಗೆ ಕೇಳಿದರೂ ಮಾತು ಸುತ್ತಿ ಬಳಸಿ ಸ್ಪೀಕರಿಗೇ ಬರುತ್ತಿತ್ತು. ಕಾರು ಮಾತ್ರ ಕಣ್ಣು ಕುಕ್ಕುವ ಹಾಗಿತ್ತು. ನೆಲಕ್ಕೆ ಅಂಟಿದಂತೆ ತಗ್ಗಾಗಿ, ಹಿಂದಕ್ಕೆ ಜಾರುವ ಚಾವಣಿ, ಮುಖದಲ್ಲಿ ಒಂದು ಪೊಗರು. ಲಿಫ್ಟಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಐವತ್ತೇಳರ ವಯಸ್ಸಿನಲ್ಲಿ ಹೀಗೆ ಆಸೆಪಡಬಹುದೇ ಎಂದು ಅವನಿಗೇ ನಾಚಿಕೆಯಾಯಿತು.

ಹೆಂಡತಿ ಬಾಗಿ ಹಿಂದಿನ ಸೀಟಿಗೆ ಸೇರಿಕೊಂಡಳು. ಅಂಪೈರ್ ಮಾವ ಇನ್ನೊಂದು ಬಾಗಿಲಿನಿಂದ ಪ್ರಯತ್ನಿಸಿದರು. ಕಾಲು ಹೋದರೆ ಮಂಡಿ ಹೋಗಲಿಲ್ಲ, ಮಂಡಿ ಹೋದರೆ ತಲೆ ತಗುಲಿತು.

"ಸ್ಪೋರ್ಟಿ ಲುಕ್ ಸಾರ್, ಅದಕ್ಕೇ ರೂಫ್ ಸ್ವಲ್ಪ ಕೆಳಗಿದೆ," ಎಂದ ಟೈನವನು.

"ಲುಕ್ ಇರ್ಲಪ್ಪ, ತಲೆ ಎಲ್ಲಿಟ್ಕೊಳ್ಳಲಿ?"

"ಹಾಗಾದ್ರೆ ಬೇಡ ಬಿಡಿ ಮಾವ, ನೋಡಿದ್ದಾಯ್ತಲ್ಲ, ಹೋಗೋಣ," ಎಂದ ಲಿಫ್ಟಪ್ಪ. ಆಸೆ ಮುಖದ ಮೇಲೆ ಕಾಣದಂತೆ ಎಚ್ಚರ ವಹಿಸಿಯೇ ಹೇಳಿದ್ದ. ಆದರೆ ಅಂಪೈರ್ ಮಾವ ಎಷ್ಟೋ ಬ್ಯಾಟ್ಸ್‌ಮನ್ನರ ಮುಖ ಓದಿದವರು. ಕೋಲೂರಿಕೊಂಡು ಕಾರನ್ನು ಬಳಸಿ ಬಂದರು.

"ಮುಂದಿನ ಬಾಗ್ಲು ತೆಗಿ. ಅಲ್ಲಿ ಕೂರ್ತೀನಿ."

ಒಳಗೆ ಬೆಲ್ಟ್ ಎಳೆದುಕೊಳ್ಳುತ್ತಿದ್ದ ಹೆಂಡತಿಯ ಕೈ ಅರ್ಧಕ್ಕೇ ನಿಂತಿತು. ಲಿಫ್ಟಪ್ಪನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನ.

ಯಾಕೆಂದರೆ ಇಷ್ಟು ವರ್ಷಗಳಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತದ್ದನ್ನು ಅವನು ನೋಡಿಯೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನೇ ಓಡಿ ಹೋಗಿ ಮುಂದಿನ ಬಾಗಿಲು ತೆಗೆದು ನಿಲ್ಲುತ್ತಿದ್ದ. "ನಾನು ಹಿಂದೆ ಕೂರ್ತೀನಿ," ಎಂದು ಮಾವ ಹಿಂದೆ ಹೋಗಿ ಕೂರುತ್ತಿದ್ದರು. ಕಾರಿನಲ್ಲಿ ಇಬ್ಬರೇ ಇದ್ದರೂ ಅಷ್ಟೇ, ನೋಡಿದವರು ಲಿಫ್ಟಪ್ಪನನ್ನು ಡ್ರೈವರ್ ಎಂದುಕೊಳ್ಳಬೇಕು. ಬರಬರುತ್ತ ಅವನು ಕೇಳುವುದನ್ನು ಬಿಟ್ಟ. ಅನ್ನ ಹಾಕಿದವರ, ಮನೆ ಕೊಟ್ಟವರ ಮೇಲೆ ದೂರು ಹೇಳುವ ಜಾಯಮಾನ ಅವನದಲ್ಲ. ಆದರೂ ಒಳಗೊಂದು ಸಣ್ಣ ಮುಳ್ಳು ಉಳಿದಿತ್ತು: ಎಷ್ಟಾದರೂ ನಾನು ಮಗನಲ್ಲವಲ್ಲ.

ಈಗ ಅವರನ್ನು ತೋಳು ಹಿಡಿದು ಕೂರಿಸಿ, ಬೆಲ್ಟನ್ನು ತಾನೇ ಎಳೆದು ಹಾಕಿದ. ಟೈನವನು ಹಿಂದೆ, ಹೆಂಡತಿಯ ಪಕ್ಕ ತೂರಿಕೊಂಡ.

ನೀಲಿ ಕಾರು ಓಡುವ ಚಂದವೇ ಬೇರೆ. ಕಾಲು ಸೋಕಿದರೆ ಸಾಕು, ಮನಸ್ಸು ಓದಿದವರ ಹಾಗೆ ಚಿಮ್ಮಿತು. ತಿರುವಿನಲ್ಲಿ ಒಂದಿಷ್ಟೂ ಓಲಾಡಲಿಲ್ಲ. ಎಂಜಿನ್ನಿನ ಗುರುಗುಡುವಿಕೆ ಎದೆಯೊಳಗಿಂದಲೇ ಬಂದಂತಿತ್ತು. ಊರ ಹೊರಗಿನ ಅಗಲ ರಸ್ತೆಗೆ ಬಂದಾಗ ಲಿಫ್ಟಪ್ಪ ಲೋಕವನ್ನೇ ಮರೆತು ಓಡಿಸಿದ. ಉಬ್ಬುಗಳ ಮೇಲೆ ಮಾತ್ರ ಅದು ನಿಷ್ಠುರ. ಇದ್ದದ್ದನ್ನು ಇದ್ದ ಹಾಗೆ ಬೆನ್ನಿಗೆ ಹೇಳಿಬಿಡುತ್ತಿತ್ತು.

"ಈಗ ಒಂದು ಹಾಡು ಹಾಕ್ಲಾ ಸಾರ್? ಈ ಸ್ಪೀಕರ್ರು..." ಎಂದ ಟೈನವನು.

"ಆಮೇಲೆ ಹಾಕೋಣ," ಎಂದಳು ಹೆಂಡತಿ. ಅವಳ ಕಣ್ಣು ಮುಂದಿನ ಸೀಟುಗಳ ಮೇಲೆಯೇ ಇತ್ತು.

ಕಾರು ಇನ್ನೂ ಸ್ವಲ್ಪ ದೂರ ಓಡಿತು. ಆಮೇಲೆ ಅಂಪೈರ್ ಮಾವ, ರಸ್ತೆ ನೋಡುತ್ತಲೇ, ಅಲ್ಲಿಯವರೆಗೂ ಯಾರ ಜೊತೆಗೋ ನಡೆಯುತ್ತಿದ್ದ ಮಾತನ್ನು ಮುಂದುವರಿಸುವವರ ಹಾಗೆ ಅಂದರು: "ಅವನು ಓಡಿಸುವಾಗ ನಾನು ಯಾವಾಗ್ಲೂ ಹೀಗೇ ಕೂರ್ತಿದ್ದೆ."

ಅವನು ಯಾರೆಂದು ಕೇಳಬೇಕಾಗಿರಲಿಲ್ಲ. ಮಗನ ವಿಷಯ ಮಾವ ಎತ್ತಿದ್ದನ್ನು ಲಿಫ್ಟಪ್ಪ ಕೇಳಿದ್ದೇ ಅಪರೂಪ.

"ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದ. ಮ್ಯಾಚು ಎಲ್ಲೇ ಇರ್ಲಿ, ಅವನೇ ಬಿಡ್ತಿದ್ದ, ಅವನೇ ಕರ್ಕೊಂಡು ಬರ್ತಿದ್ದ. ವಾಪಸು ಬರ್ತಾ ದಾರಿಯುದ್ದಕ್ಕೂ ಜಗಳ. ಆ ಔಟ್ ಕೊಡಬಾರದಿತ್ತು ಅಪ್ಪಾ, ಇದು ಕೊಡಬೇಕಿತ್ತು ಅಂತ. ನಾನು ಅವನ ಕಡೆ ತಿರುಗಿ ಬೈಯೋದು, ಅವನು ನಗೋದು." ಮಾವ ಕೋಲಿನ ಹಿಡಿಯನ್ನು ಬೆರಳಿನಿಂದ ಸವರಿದರು. "ಅವನು ಹೋದ್ಮೇಲೆ ಮುಂದೆ ಕೂರೋಕೆ ಆಗ್ಲಿಲ್ಲಪ್ಪ. ಪಕ್ಕಕ್ಕೆ ತಿರುಗಿದ್ರೆ ಅವನ ಮುಖ ಇರಲ್ವಲ್ಲ ಅಂತ ಭಯ."

"ಈಗ, ಮಾವ?" ಎಂದ ಲಿಫ್ಟಪ್ಪ.

"ಈಗ ತಿರುಗಿ ನೋಡ್ದೆ. ನೀನಿದ್ದೆ. ಸರಿ ಹೋಯ್ತು."

ಲಿಫ್ಟಪ್ಪನಿಗೆ ಮುಂದಿನ ರಸ್ತೆ ಮಂಜು ಮಂಜಾಗಿ ಕಂಡಿತು. ಕಾರನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದ.

"ಬ್ರೇಕ್ ಟೆಸ್ಟ್ ಮಾಡ್ತಿದ್ದೀರಾ ಸಾರ್? ಈ ಕಾರಿನ ಬ್ರೇಕು..."

"ಒಂದು ನಿಮಿಷ ಸುಮ್ನಿರಪ್ಪ," ಎಂದಳು ಹೆಂಡತಿ. ಅವಳ ದನಿಯೂ ಸರಿಯಿರಲಿಲ್ಲ.

"ಮಾವ, ನಾನು ಏನೇನೋ ಅಂದ್ಕೊಂಡಿದ್ದೆ," ಎಂದ ಲಿಫ್ಟಪ್ಪ. "ನಾನು ಮಗ ಅಲ್ಲ ಅಂತ ನೀವು..."

"ಮಗ ಅಲ್ಲ ಕಣಯ್ಯ ನೀನು." ಮಾವನ ದನಿಯಲ್ಲಿ ಹಳೆಯ ಗತ್ತು ವಾಪಸು ಬಂದಿತ್ತು. "ಮಗ ನನಗೆ ಹುಟ್ಟಿದವನು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ನಿನ್ನನ್ನ ಮಾತ್ರ ನಾನೇ ಹುಡುಕಿ, ನೋಡಿ, ಆರಿಸಿ ತಂದದ್ದು. ಅದಕ್ಕೇ ಎಲ್ರಿಗೂ ಸೊಸೆ ಗಂಡ ಅಂತ ಬಿಡಿಸಿ ಹೇಳ್ತೀನಿ. ಮಗ ಅಂದ್ಬಿಟ್ರೆ, ನಾನು ಮಾಡಿದ ಒಂದು ಒಳ್ಳೇ ಕೆಲಸ ಯಾರಿಗೂ ಗೊತ್ತೇ ಆಗಲ್ವಲ್ಲ?"

ಹೆಂಡತಿ ಅಳುತ್ತಲೇ ನಕ್ಕುಬಿಟ್ಟಳು. ಟೈನವನು ಏನೂ ತಿಳಿಯದಿದ್ದರೂ ತನ್ನ ಜೇಬಿನ ಕರವಸ್ತ್ರ ತೆಗೆದು ಅವಳಿಗೆ ಕೊಟ್ಟ. ಒಳ್ಳೆಯ ಮನುಷ್ಯ.

"ಥ್ಯಾಂಕ್ಸ್, ಮಾವ," ಎಂದ ಲಿಫ್ಟಪ್ಪ. ಇಷ್ಟು ವರ್ಷ ಎದೆಯಲ್ಲಿ ಹೊತ್ತುಕೊಂಡದ್ದು ಹೊರಗೆ ಬರುವಾಗ ಇಷ್ಟೇ ಇಷ್ಟಾಗಿ ಬಂತು.

"ಯಾವುದಕ್ಕೆ?"

"ಎಲ್ಲಕ್ಕೂ."

"ಎಲ್ಲಕ್ಕೂ ಸೇರಿಸಿ ಒಂದೇನಾ? ಜುಗ್ಗ." ಮಾವ ಅವನ ಕೈ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದರು. "ಹೂಂ, ಓಡಿಸು. ಆ ಪುಣ್ಯಾತ್ಮ ಪಾಪ ಹಾಡು ಹಾಕ್ಬೇಕಂತೆ, ಹಾಕ್ಲಿ."

ಹಾಡು ಹಾಕಿದರು. ಸ್ಪೀಕರುಗಳು ನಿಜಕ್ಕೂ ಚೆನ್ನಾಗಿದ್ದವು.

ಶೋರೂಮಿನ ಮುಂದೆ ನಿಂತಾಗ ಫಜೀತಿ ಶುರುವಾಯಿತು. ಮುಂದಿನ ಸೀಟು ಬಾವಿಯ ಹಾಗೆ ತಗ್ಗಿನಲ್ಲಿತ್ತು. ಮಾವ ಏಳಲು ನೋಡಿದರು, ಮಂಡಿ ಒಪ್ಪಲಿಲ್ಲ. ಕೋಲೂರಿದರು, ಕೋಲು ನುಣುಪಾದ ನೆಲದ ಮೇಲೆ ಜಾರಿತು. ಕೊನೆಗೆ ಲಿಫ್ಟಪ್ಪ ಒಂದು ಕೈ, ಟೈನವನು ಒಂದು ಕೈ ಹಿಡಿದು ಎಳೆಯಬೇಕಾಯಿತು. ಹೊರಗೆ ಬಂದ ಮಾವ ಕಾರಿನ ತಲೆ ತಟ್ಟಿದರು.

"ಕಾರು ತುಂಬಾ ಚೆನ್ನಾಗಿದೆ. ಒಳಗೆ ಬಂದವರನ್ನ ಬಿಟ್ಟುಕೊಡಲ್ಲ, ಅಷ್ಟೇ."

ಮೂವರೂ ರಸ್ತೆಬದಿಯ ಕಲ್ಲುಬೆಂಚಿನ ಮೇಲೆ ಕೂತರು. ಹೆಂಡತಿ ಎರಡು ಕಾರುಗಳನ್ನೂ ತೂಗಿ ನೋಡಿದಳು. ನೀಲಿಯದಕ್ಕೆ ಓಟವಿದೆ, ಸ್ಟೆಪ್ನಿಯಿದೆ, ಡಿಕ್ಕಿ ದೊಡ್ಡದು. ಬೂದು ಬಣ್ಣದ್ದಕ್ಕೆ ಮೆತ್ತನೆಯ ನಡೆ, ಮೌನ, ಹಿಂದಿನ ಸೀಟು. "ಹಿಂದಿನ ಸೀಟು ಅಂದ್ರೆ ಬೂದು ಕಾರೇ," ಎಂದು ಮುಗಿಸಿದಳು.

"ಹಿಂದಿನ ಸೀಟು ಇನ್ನು ಯಾರಿಗೆ ಬೇಕು?" ಎಂದ ಲಿಫ್ಟಪ್ಪ. ಅವನು ಆಗಲೇ ಎದ್ದು ನಿಂತಿದ್ದ. "ಆ ಕಾರನ್ನ ನಾವು ಸರಿಯಾಗಿ ನೋಡೇ ಇಲ್ಲ. ಬನ್ನಿ ಮಾವ, ಇನ್ನೊಂದು ಸಲ. ಈ ಸಲ ಮುಂದೆ ಕೂತ್ಕೊಂಡು ನೋಡಿ."

ಬಿಟ್ಟು ಹೋದವರು ತಿರುಗಿ ಬರುತ್ತಿರುವುದನ್ನು ಕಂಡ ಸೇಲ್ಸಿನ ಹೆಂಗಸಿನ ಮುಖ ಅರಳಿತು. "ಮತ್ತೆ ಓಡಿಸ್ತೀರಾ ಸಾರ್?"

"ಓಡಿಸೋದು ಆಮೇಲೆ. ಮೊದಲು ಹತ್ತಿ ಇಳೀಬೇಕು."

ಬೂದು ಕಾರಿನ ಮುಂದಿನ ಬಾಗಿಲು ಅಗಲಕ್ಕೆ ತೆರೆದುಕೊಂಡಿತು. ಗುಂಡಿ ಒತ್ತಿದರೆ ಸೀಟು ತಾನಾಗಿ ಮೇಲೆ ಬಂತು, ಹಿಂದೆ ಸರಿಯಿತು. ಅಂಪೈರ್ ಮಾವ ಹತ್ತಿದರು. ಇಳಿದರು. ನಂಬಿಕೆಯಾಗದೆ ಮತ್ತೆ ಹತ್ತಿ ಇಳಿದರು. ಕೋಲು ಅಷ್ಟು ಹೊತ್ತೂ ಸೊಸೆಯ ಕೈಯಲ್ಲಿಯೇ ಇತ್ತು. ಅವಳು ಅವರ ಮಂಡಿಯನ್ನೇ ಗಮನಿಸುತ್ತಿದ್ದವಳು, "ಎಲ್ಲೂ ಹಿಡೀತಿಲ್ಲ ಅಲ್ವಾ ಮಾವ?" ಎಂದಳು. ಇಲ್ಲ ಎಂದು ತಲೆಯಾಡಿಸಿದರು.

"ತೀರ್ಪು?" ಎಂದ ಲಿಫ್ಟಪ್ಪ.

"ಅಂಪೈರ್‌ಗೆ ಆಡೋ ಟೀಮಿನಲ್ಲಿ ಜಾಗ ಕೊಟ್ಮೇಲೆ ತೀರ್ಪು ಕೇಳಬಾರದು. ನಿಂಗೆ ಆ ನೀಲಿ ಮೇಲೆ ಮನಸ್ಸಿತ್ತು, ನಾನು ನೋಡಿದೀನಿ."

"ಇತ್ತು," ಎಂದು ಒಪ್ಪಿಕೊಂಡ ಲಿಫ್ಟಪ್ಪ. "ಓಡೋದಕ್ಕೆ ಅದೇ ಚೆನ್ನ. ಆದ್ರೆ ಒಬ್ಬನೇ ಎಲ್ಲಿಗೆ ಓಡಲಿ?"

ಹೆಂಡತಿ ತಾನೇ ರಸ್ತೆ ದಾಟಿ ಹೋಗಿ ಟೈನವನಿಗೆ ವಿಷಯ ತಿಳಿಸಿ, ಕರವಸ್ತ್ರಕ್ಕೆ ಥ್ಯಾಂಕ್ಸ್ ಹೇಳಿ ಬಂದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲವಂತೆ. ಮಂಡಿ ನೋವಿಗೆ ಅವಳ ಕ್ಲಿನಿಕ್ಕಿನ ವಿಳಾಸ ಕೇಳಿದನಂತೆ, ತನ್ನ ತಾಯಿಗೆ.

ಕಾರು ಮನೆಗೆ ಬಂದಾಗ ಅವರು ಕೇಳಿದ್ದ ಬೂದು ಸಿಗದೆ, ಅದಕ್ಕಿಂತ ತುಸು ಕಪ್ಪಾದ ಬಣ್ಣ ಬಂದಿತ್ತು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅದರ ಮೂತಿ ಗೆರೆಯಿಂದ ಗೇಣುದ್ದ ಹೊರಗೆ ನಿಲ್ಲುತ್ತಿತ್ತು. ಪಕ್ಕದ ಜಾಗದವರು ಎರಡು ದಿನ ಮುಖ ಗಂಟಿಕ್ಕಿ, ಮೂರನೆಯ ದಿನ ಒಳಗೆ ಕೂತು ನೋಡಬಹುದೇ ಎಂದು ಕೇಳಿದರು. ಅಂಪೈರ್ ಮಾವನಿಗೆ ದಿನಕ್ಕೊಂದು ಹೊರಗಿನ ಕೆಲಸ ಹುಟ್ಟಿಕೊಂಡಿತು. ಇವತ್ತು ಕನ್ನಡಕದ ಅಂಗಡಿ, ನಾಳೆ ಹಳೆಯ ಗೆಳೆಯರ ಮನೆ. ಮುಂದೆ ಕೂತು ಇಡೀ ಊರಿನ ವಾಹನಗಳಿಗೆ ತೀರ್ಪು ಕೊಡುತ್ತಿದ್ದರು: ಗೆರೆ ದಾಟಿದ ಸ್ಕೂಟರಿನವನಿಗೆ ನೋಬಾಲ್, ಬದಿಗೆ ಸರಿದು ದಾರಿ ಬಿಟ್ಟ ಬಸ್ಸಿನವನಿಗೆ ಶಹಭಾಸ್.

ಸೇತುವೆ ಕಟ್ಟುವ ಕಂಪನಿಯಲ್ಲಿ ಕೆಲಸಕ್ಕಿದ್ದ ಮಗಳು ರಜೆಗೆ ಬಂದಾಗ ನಾಲ್ವರೂ ಊರ ಹೊರಗಿನ ಕೆರೆಯ ಕಡೆ ಹೊರಟರು. ತಾತ ಮುಂದಿನ ಬಾಗಿಲು ತೆಗೆದು ಕೂತದ್ದನ್ನು ಕಂಡು ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಅವಳ ಕೈ ಹಿಡಿದು ಹಿಂದೆ ಕೂರಿಸಿಕೊಂಡಳು.

ಪೇಟೆ ದಾಟಿದ ಮೇಲೆ ತಾತ ತಮ್ಮಷ್ಟಕ್ಕೆ ನಗತೊಡಗಿದರು.

"ಏನ್ ತಾತ?"

"ನಿಮ್ಮಪ್ಪನ ಕಾರಿನ ಹಾರ್ನು ನೆನಪಾಯ್ತು. ಎಡಕ್ಕೆ ತಿರುಗಿಸಿದ್ರೆ ತಾನೇ ಕೂಗ್ತಿತ್ತು. ಒಂದಿನ ಫೈನಲ್ ಮ್ಯಾಚಿಗೆ ಹೋಗ್ತಿದ್ವಿ, ಆಗ್ಲೇ ತಡ ಆಗಿದೆ. ಪೊಲೀಸ್ ಸ್ಟೇಷನ್ ಮುಂದೆ ತಿರುಗಿಸಿದ, ಹಾರ್ನು ಕೂಗೋಕೆ ಶುರು ಮಾಡಿದ್ದು ನಿಲ್ಲಿಸ್ಲೇ ಇಲ್ಲ. ಪೊಲೀಸಿನವನು ಓಡ್ಬಂದ. ಕಥೆ ಮುಗೀತು ಅಂದ್ಕೊಂಡೆ. ಅವನು ಕಿಟಕಿಯಲ್ಲಿ ಬಗ್ಗಿ ನನ್ನ ಬಿಳಿ ಕೋಟು ನೋಡಿದ, ಯಾರೋ ಡಾಕ್ಟ್ರು ಅಂದ್ಕೊಂಡ. ಸೆಲ್ಯೂಟ್ ಹೊಡೆದು ದಾರಿಯುದ್ದಕ್ಕೂ ಗಾಡಿ ಸರಿಸಿಕೊಂಡು ಬಂದ!"

"ಅಪ್ಪ ಏನಂದ್ರು?" ಮಗಳು ಎರಡು ಸೀಟಿನ ನಡುವೆ ತಲೆ ತೂರಿಸಿದ್ದಳು. ಅವಳ ಪಾಲಿಗೆ ಅಪ್ಪನೆಂದರೆ ಗೋಡೆಯ ಮೇಲಿನ ಒಂದು ಫೋಟೋ. ಅದರಲ್ಲಿ ಅವನು ನಕ್ಕಿರಲೂ ಇಲ್ಲ.

"ಏನಂತಾನೆ? ಕಳ್ಳ! 'ಡಾಕ್ಟ್ರೇ, ಪೇಷಂಟ್ ಬದುಕ್ತಾರಾ?' ಅಂತ ಪೊಲೀಸಿನವನ ಎದುರೇ ಕೇಳಿದ."

ಹೆಂಡತಿಗೂ ಈ ಕಥೆ ಗೊತ್ತಿರಲಿಲ್ಲ. ಮೂವರೂ ಹೊಟ್ಟೆ ಹಿಡಿದು ನಗುತ್ತಿದ್ದರೆ, ಲಿಫ್ಟಪ್ಪ ಕೆರೆಗೆ ಹೋಗುವ ತಿರುವನ್ನು ಬೇಕೆಂದೇ ಬಿಟ್ಟು ಸುತ್ತಿನ ದಾರಿ ಹಿಡಿದ. ಒಂದು ಕಥೆಯ ಬಾಲ ಹಿಡಿದು ಇನ್ನೊಂದು ಬಂತು. ಡ್ರೈವಿಂಗ್ ಪರೀಕ್ಷೆಯಲ್ಲಿ ಮಗ ಫೇಲಾದದ್ದು, ಸಾಕಿದ ನಾಯಿಗೆ ಬೌಲಿಂಗ್ ಹೇಳಿಕೊಡಲು ಹೋದದ್ದು, ಮದುವೆಗೆ ಮೊದಲು ಹೆಣ್ಣಿನ ಫೋಟೋವನ್ನು ಸ್ಕೋರ್ ಹಲಗೆಯ ಹಿಂದೆ ಬಚ್ಚಿಟ್ಟುಕೊಂಡದ್ದು. ಒಬ್ಬ ಮನುಷ್ಯ ಕಾರಿನೊಳಗೆ ನಿಧಾನವಾಗಿ ಜೀವ ತಳೆಯುತ್ತಿದ್ದ. ಲಿಫ್ಟಪ್ಪನಿಗೆ ಹೊಟ್ಟೆಕಿಚ್ಚಾಗಲಿಲ್ಲ. ತಾನು ಕಾಣದ ಆ ಮನುಷ್ಯನ ಅಪ್ಪ, ಅವನ ಹೆಂಡತಿ, ಅವನ ಮಗಳು, ಮೂವರೂ ತನ್ನ ಪಾಲಿಗೆ ಬಂದಿದ್ದರು. ನಿನ್ನವರನ್ನೆಲ್ಲ ಚೆನ್ನಾಗಿ ನೋಡಿಕೊಂಡಿದ್ದೇನೆ ಅನ್ನಿಸುತ್ತೆ, ಮಾರಾಯನೇ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದ. ಹೇಳಿ ಹಗುರಾದ.

ಸಂಜೆ ಕಾರು ಮನೆಯ ಮುಂದೆ ನಿಂತಿತು. ಲಿಫ್ಟಪ್ಪ ಎಂಜಿನ್ ಆರಿಸಿ ಬೆಲ್ಟ್ ಬಿಚ್ಚಿದ. ಯಾರೂ ಇಳಿಯಲಿಲ್ಲ. ಅಂಪೈರ್ ಮಾವ ಅವನ ಕಡೆ ತಿರುಗಿ, "ಇನ್ನೊಂದು ಮ್ಯಾಚಿನ ಕಥೆ ಇದೆ, ಕೇಳು," ಎಂದರು.

ಲಿಫ್ಟಪ್ಪ ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿಕೊಂಡ.